ಬಿಷಪ್ಪರ ನಿಘಂಟು, ನಮ್ಮ ಮೊಳೆಪೆಟ್ಟಿಗೆ

ರಾಜಾಜಿನಗರದ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸಿಯೇ ತಲೆ ನೆರೆದವನು ನಾನು. ಬಿಷಪ್ ಶಾರ್ಬೊನೋ ಅಂದರೆ ನನಗೆ ಮೊದಲು ನೆನಪಾಗುವುದು ಅವರ ಲ್ಯಾಟಿನ್–ಕನ್ನಡ ನಿಘಂಟು. ಫ್ರಾನ್ಸಿನಿಂದ ಬಂದ ಈ ಪಾದ್ರಿ ಮೈಸೂರು ಸೀಮೆಯ ಕ್ಯಾಥೊಲಿಕರಿಗೆ ಬಿಷಪ್ ಆದರು, 1873ರಲ್ಲಿ ತೀರಿಕೊಂಡರು.

ನಿಘಂಟು 1861ರಲ್ಲಿ ಬೆಂಗಳೂರಿನಲ್ಲೇ ಅಚ್ಚಾಯಿತು. ಕಿಟೆಲ್ ಸಾಹೇಬರದು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ.

ಬಿಷಪ್ಪರ ನಿಘಂಟಿಗೆ ಮೊಳೆ ಜೋಡಿಸುವ ಕೆಲಸದ ಕಷ್ಟ ನಮ್ಮಂಥವರಿಗೆ ಗೊತ್ತು. ಲ್ಯಾಟಿನ್ನಿಗೆ ಇಪ್ಪತ್ತು ಚಿಲ್ಲರೆ ಅಕ್ಷರ. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ. ‘ಸ್ತ್ರೀ’ ಎಂದು ಕೂರಿಸಲು ತಕಾರದ ಒತ್ತು, ರಕಾರದ ಒತ್ತು, ದೀರ್ಘ ಎಲ್ಲ ಬೇಕು. ಎರಡು ಲಿಪಿಯನ್ನೂ ಒಂದೇ ಸಾಲಿನಲ್ಲಿ ಬಿಗಿಮಾಡಬೇಕು. ಬಿಷಪ್ಪರ ಪಾಂಡಿತ್ಯಕ್ಕೆ ಕೈಮುಗಿಯುವಾಗ, ಹೆಸರಿಲ್ಲದ ಆ ಕಂಪಾಸಿಟರುಗಳಿಗೂ ಒಂದು ನಮಸ್ಕಾರ ಸಲ್ಲಬೇಕು.