ಹತ್ತು ಮೀಟರ್ ನೆಲ

"ಗೇಟ್ ಲ್ಯಾಬ್ ಎಲ್ಲಿದೆ?" ಎಂದು ಕೇಳಿದ್ದಕ್ಕೆ ಆಸ್ಪತ್ರೆಯ ಸೆಕ್ಯುರಿಟಿಯವರು "ಎಷ್ಟನೇ ಗೇಟ್ ಸಾರ್? ಒಂದನೇದಾ, ಎರಡನೇದಾ?" ಎಂದು ಮರುಪ್ರಶ್ನೆ ಹಾಕಿದರು. ತಪ್ಪು ಅವರದ್ದಲ್ಲ. ನಡಿಗೆಯ ಧಾಟಿಗೆ ವೈದ್ಯರು ಬಳಸುವ ಇಂಗ್ಲಿಷ್ ಪದವೂ ಹೆಬ್ಬಾಗಿಲಿಗೆ ನಾವು ಬಳಸುವ ಪದವೂ ಕಿವಿಗೆ ಒಂದೇ. "ನಡೆಯೋದನ್ನ ಪರೀಕ್ಷೆ ಮಾಡ್ತಾರಲ್ಲ, ಅದು" ಎಂದೆ. "ಓ, ಲಕ್ವದೋರು ಬರೋದಾ? ಫಿಸಿಯೋ ಪಕ್ಕ, ಕೆಳಗಡೆ. ಲಿಫ್ಟ್ ಬೇಡ, ರ‍್ಯಾಂಪಲ್ಲೇ ಹೋಗಿ."

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ ಇದು. ರೋಗಿಗಳ ನಡುವೆ ಇಡೀ ದಿನ ಓಡಾಡಲು ಬಿಟ್ಟವರು ಹೆಸರು ಮಾತ್ರ ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ. ರ‍್ಯಾಂಪಿನ ಗೋಡೆಯ ಉದ್ದಕ್ಕೂ ಸ್ಟೀಲ್ ಹಿಡಿಕೆ. ಎಡಗಡೆಯದು ಸವೆದು ಹೊಳೆಯುತ್ತದೆ, ಬಲಗಡೆಯದು ಮಂಕು. ಏಕೆಂದು ಆಮೇಲೆ ಕೇಳಿದರೆ, ಎಡಗಡೆ ಬೆಂಚು ಸಾಲಿದೆ, ಎಲ್ಲರೂ ಆ ಮಗ್ಗುಲಲ್ಲೇ ಹೋಗುತ್ತಾರೆ ಎಂಬ ಸಾಧಾರಣ ಉತ್ತರ ಬಂತು. ನಾನು ಅಷ್ಟರಲ್ಲಿ ಮಿದುಳು, ಬಲಪಾರ್ಶ್ವ, ಎಡಪಾರ್ಶ್ವ ಎಂದೆಲ್ಲ ಊಹಿಸಿಕೊಂಡಿದ್ದೆ.

ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ಉದ್ದನೆಯ ಖಾಲಿ ಕೋಣೆ, ಬೂದು ಬಣ್ಣದ ನೆಲ, ಗೋಡೆಯ ಮೇಲಂಚಿನಲ್ಲಿ ಎಂಟು ಇನ್‌ಫ್ರಾರೆಡ್ ಕ್ಯಾಮೆರಾ. ನೋಡಲು ಏನೂ ಇಲ್ಲ. ನೋಡಬೇಕಾದದ್ದು ನೆಲದೊಳಗಿದೆ. ಮಧ್ಯದಲ್ಲಿ ಎರಡು ತಟ್ಟೆಗಳನ್ನು ನೆಲದ ಮಟ್ಟಕ್ಕೆ ಹುದುಗಿಸಿ, ಮೇಲೆ ಅದೇ ಬೂದು ಬಣ್ಣ ಹೊದಿಸಿದ್ದಾರೆ. ಕಾಲಿಟ್ಟರೆ ಪಾದ ನೆಲವನ್ನು ಎಷ್ಟು ಒತ್ತಿತು, ಹಿಂದಕ್ಕೆ ತಳ್ಳಿತೋ ಮುಂದಕ್ಕೋ, ಎಲ್ಲವನ್ನೂ ಅವು ಅಳೆಯುತ್ತವೆ. ಎಲ್ಲಿವೆ ಎಂದು ರೋಗಿಗೆ ಹೇಳುವುದಿಲ್ಲ. ಹೇಳಿದರೆ ಅದರ ಮೇಲೇ ಕಾಲಿಡಲು ಹೋಗಿ ನಡಿಗೆ ಕೆಡುತ್ತದೆ. ಗಮನಿಸಿದ ಕೂಡಲೇ ಕೆಡುವ ಕೆಲಸ ಈ ನಡಿಗೆ.

ಆ ದಿನದ ಮೊದಲ ರೋಗಿ ಚಿತ್ರದುರ್ಗದ ಕಡೆಯ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ನಾಲ್ಕು ತಿಂಗಳ ಹಿಂದೆ ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಾಲು ಅರ್ಧ ಬಂದಿದೆ. ಮಾತಿನಲ್ಲಿ ಸ್ವಚ್ಛವಾಗಿ ಬರುವುದು ಎರಡೇ: "ರೈಟ್" ಮತ್ತು "ಹೋಲ್ಡಾನ್". ಮೂವತ್ತು ವರ್ಷ ದಿನಕ್ಕೆ ನೂರಾರು ಸಲ ಕೂಗಿದ ಮಾತುಗಳು. ವಾಕ್ಯ ಕಟ್ಟುವ ಶಕ್ತಿ ಹೋದರೂ ಇಂಥ ರೂಢಿಯ ಮಾತು ಉಳಿಯುವುದು ಮಿದುಳಿನ ಆಘಾತದಲ್ಲಿ ಹೊಸದಲ್ಲ. ಉಳಿದದ್ದನ್ನೆಲ್ಲ ಅವರ ಹೆಂಡತಿ ಹೇಳುತ್ತಾರೆ.

ಫಿಸಿಯೋಥೆರಪಿಸ್ಟ್ ಕರಾವಳಿಯ ಹುಡುಗಿ. ನೆಲದ ಮೇಲೆ ಕೂತು ಅವರ ಸೊಂಟ, ತೊಡೆ, ಮಂಡಿ, ಕಾಲಿನ ಗಂಟು, ಹಿಮ್ಮಡಿ, ಬೆರಳ ಬುಡಕ್ಕೆ ಗೋಲಿಯಷ್ಟು ದಪ್ಪದ ಹೊಳೆಯುವ ಚೆಂಡುಗಳನ್ನು ಅಂಟಿಸುತ್ತಾ ಹೋದರು. ಅರ್ಧ ಗಂಟೆ ಹಿಡಿಯಿತು. "ಯಜಮಾನ್ರೇ, ಹಬ್ಬಕ್ಕೆ ಸಿಂಗಾರ ಮಾಡಿದ ಹಾಗುಂಟು" ಎಂದರು. ಯಜಮಾನರು ಎಡಗಡೆಯ ತುಟಿಯಲ್ಲಿ ನಕ್ಕರು.

ಅರ್ಧ ಗಂಟೆ ದೊಡ್ಡದೇನಲ್ಲ. 1891ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ಬ್ರೌನ್ ಮತ್ತು ಓಟೊ ಫಿಷರ್ ಎಂಬಿಬ್ಬರು ಇದೇ ಕೆಲಸ ಮಾಡಿದಾಗ ಒಬ್ಬನ ಮೈಗೆ ಮಿನುಗುವ ಗಾಜಿನ ಕೊಳವೆಗಳನ್ನು ಕಟ್ಟಲು ಗಂಟೆಗಟ್ಟಲೆ ಬೇಕಾಗಿತ್ತು. ಕತ್ತಲಾಗಲಿ ಎಂದು ರಾತ್ರಿ ನಡೆಸಿ, ಫೋಟೋ ತೆಗೆದು, ಆಮೇಲೆ ಕೈಯಲ್ಲಿ ಲೆಕ್ಕ ಹಾಕುತ್ತಾ ವರ್ಷಗಳೇ ಹೋದವು. ಬ್ರೌನ್ ಮರುವರ್ಷವೇ ತೀರಿಕೊಂಡರು, ಫಿಷರ್ ಒಬ್ಬರೇ ಮುಗಿಸಿದರು. ಈಗ ಕಂಪ್ಯೂಟರ್ ಅದನ್ನು ಚಹಾ ಕುಡಿಯುವಷ್ಟರಲ್ಲಿ ಕೊಡುತ್ತದೆ.

"ರೈಟ್" ಎಂದರು ಹುಡುಗಿ. ಹೊರಡುವ ಸೂಚನೆ. ಕಂಡಕ್ಟರೂ "ರೈಟ್" ಎಂದು ಹೊರಟರು.

ಪರದೆಯ ಮೇಲೆ ಕಡ್ಡಿಮನುಷ್ಯನೊಬ್ಬ ನಡೆದ. ಮಾಂಸ, ಲುಂಗಿ, ವಯಸ್ಸು, ಸಂಕೋಚ ಎಲ್ಲ ಬಿಟ್ಟುಹೋಗಿ ಬರೀ ನಡಿಗೆ ಉಳಿದಿತ್ತು. ಎಡಗಾಲು ನೆಟ್ಟಗೆ ಮುಂದೆ ಬರುತ್ತದೆ. ಬಲಗಾಲು ಹಾಗೆ ಬರುವುದಿಲ್ಲ. ಸೊಂಟವನ್ನು ಮೇಲೆತ್ತಿ, ಕುಡುಗೋಲು ಬೀಸಿದಂತೆ ಹೊರಗಿನಿಂದ ಸುತ್ತು ಹಾಕಿ ಬರುತ್ತದೆ. ಬಂದು ನೆಲ ಮುಟ್ಟುವಾಗ ಹಿಮ್ಮಡಿ ಮೊದಲು ತಾಗಬೇಕಿತ್ತು, ಬೆರಳ ತುದಿ ತಾಗಿತು.

ಇಡೀ ಕಥೆ ಇಲ್ಲೇ ಇದೆ, ಈ ಒಂದು ಕ್ಷಣದಲ್ಲಿ. ಆರೋಗ್ಯವಂತರ ಒಂದು ಹೆಜ್ಜೆಯ ಸುತ್ತಿನಲ್ಲಿ ಶೇ. 60ರಷ್ಟು ಹೊತ್ತು ಪಾದ ನೆಲದ ಮೇಲಿರುತ್ತದೆ, ಶೇ. 40ರಷ್ಟು ಗಾಳಿಯಲ್ಲಿ. ನೆಲದ ಮೇಲಿರುವಾಗ ಅದು ಸುಮ್ಮನೆ ಕೂತಿರುವುದಿಲ್ಲ, ತೊಟ್ಟಿಲ ಬುಡದ ಬಾಗಿದ ಕಟ್ಟಿಗೆಯಂತೆ ಉರುಳುತ್ತದೆ: ಮೊದಲು ಹಿಮ್ಮಡಿಯ ಮೇಲೆ, ಆಮೇಲೆ ಕಾಲಿನ ಗಂಟಿನ ಮೇಲೆ, ಕೊನೆಗೆ ಬೆರಳ ಬುಡದ ಮೇಲೆ. ಈ ಮೂರು ಉರುಳುಗಳನ್ನು ಹೀಗೆ ಬಿಡಿಸಿ ತೋರಿಸಿದವರು ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯ ಮೂಳೆ ಶಸ್ತ್ರವೈದ್ಯೆ ಜಾಕ್ವೆಲಿನ್ ಪೆರಿ. ಕಂಡಕ್ಟರಿಗೆ ಮೊದಲ ಉರುಳೇ ಇಲ್ಲ. ಪಾದವನ್ನು ಮೇಲಕ್ಕೆ ಎಳೆದು ಹಿಡಿಯುವ, ಮೊಣಕಾಲ ಕೆಳಗೆ ಮುಂಭಾಗದಲ್ಲಿರುವ ಸ್ನಾಯುವಿಗೆ ಮಿದುಳಿನ ಅಪ್ಪಣೆ ಸರಿಯಾಗಿ ತಲುಪುತ್ತಿಲ್ಲ. ಹಿಂದಿನ ಮೀನಖಂಡ ಮಾತ್ರ ಬಿಗಿಯಾಗಿ ಪಾದವನ್ನು ಕೆಳಕ್ಕೂ ಒಳಕ್ಕೂ ಎಳೆಯುತ್ತದೆ. ಪಾದ ಜೋತುಬೀಳುತ್ತದೆ. ಜೋತುಬಿದ್ದ ಪಾದ ನೆಲಕ್ಕೆ ಎಡವದಿರಲಿ ಎಂದೇ ಸೊಂಟದ ಆ ಸರ್ಕಸ್ಸು. ನಾವು ದೂರದಿಂದ ನೋಡಿ 'ಕಾಲು ಎಳೀತಾರೆ' ಎನ್ನುತ್ತೇವೆ. ಎಳೆಯುತ್ತಿಲ್ಲ, ಕಷ್ಟಪಟ್ಟು ಎತ್ತುತ್ತಿದ್ದಾರೆ.

"ಹೊಸ್ತಿಲು ಒಂದು ದಾಟೋಕಾಗಲ್ಲ ಸಾರ್" ಎಂದರು ಅವರ ಹೆಂಡತಿ. "ಊರ ಮನೆ. ಹೊಸ್ತಿಲು ಇಷ್ಟೆತ್ತರ. ದೇವರ ಮನೇದು ಇನ್ನೊಂದು, ಬಚ್ಚಲದ್ದು ಇನ್ನೊಂದು. ಮೂರು ಸಲ ಬಿದ್ದವ್ರೆ." ಕೈಯಲ್ಲಿ ಅಳತೆ ತೋರಿಸಿದರು, ಒಂದು ಗೇಣಿಗೆ ಸ್ವಲ್ಪ ಕಮ್ಮಿ.

ಪಕ್ಕದ ಮೇಜಿನ ಮೇಲೆ ಪ್ಲಾಸ್ಟಿಕ್ ಪಾದದ ಅಸ್ಥಿಪಂಜರವಿತ್ತು. ಒಂದು ಪಾದಕ್ಕೆ 26 ಮೂಳೆ, ಎರಡಕ್ಕೂ ಸೇರಿ 52. ಮೈಯಲ್ಲಿರುವ 206ರಲ್ಲಿ ಕಾಲು ಭಾಗ ಪಾದಗಳಲ್ಲೇ. ಇಷ್ಟು ಚೂರುಗಳ ಕಟ್ಟು ಒಮ್ಮೆ ಮೆತ್ತಗೂ ಮರುಕ್ಷಣ ಗಟ್ಟಿಯಾಗಿಯೂ ಇರಬೇಕು. ಹೇಗೆಂದು ನೀವೇ ನೋಡಬಹುದು. ಬರಿಗಾಲಲ್ಲಿ ನಿಂತು, ಬೇರೆಯವರಿಂದ ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ. ಅಂಗಾಲಿನ ಕಮಾನು ತಾನಾಗಿ ಏಳುತ್ತದೆ. ಅಂಗಾಲಿನ ಉದ್ದಕ್ಕೂ ಇರುವ ಗಟ್ಟಿ ಪಟ್ಟಿ ಹೆಬ್ಬೆರಳ ಬುಡಕ್ಕೆ, ಬಾವಿಯ ರಾಟೆಗೆ ಹಗ್ಗ ಸುತ್ತಿದಂತೆ, ಸುತ್ತಿಕೊಂಡು ಬಿಗಿಯಾಗುವುದೇ ಕಾರಣ. ಇದನ್ನು 1954ರಲ್ಲಿ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯರು ವಿವರಿಸಿದರು. ಇನ್ನೊಂದು ಕಮಾನು ಅಡ್ಡಕ್ಕಿದೆ. ಒಂದು ಹತ್ತು ರೂಪಾಯಿ ನೋಟನ್ನು ತುದಿಯಲ್ಲಿ ಹಿಡಿಯಿರಿ, ಸೋತು ಬಾಗುತ್ತದೆ. ಹಿಡಿದ ಕಡೆ ಅಡ್ಡಕ್ಕೆ ಸ್ವಲ್ಪ ಬಾಗಿಸಿ, ನೆಟ್ಟಗೆ ನಿಲ್ಲುತ್ತದೆ. ಪಾದದ ಬಿಗುವಿನಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಈ ಅಡ್ಡಕಮಾನಿನದು ಎಂದು ಯೇಲ್ ವಿಶ್ವವಿದ್ಯಾಲಯದ ಮಧುಸೂದನ್ ವೆಂಕಡೇಶನ್ ಮತ್ತು ಸಂಗಡಿಗರು 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು.

ಪಾದದ ವಿಷಯಕ್ಕೆ ನಮ್ಮ ಮಣಿಪಾಲದ್ದೂ ಒಂದು ಹೆಸರಿದೆ. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಲ್ಲಿ ಓಡಾಡುವವರಲ್ಲಿ ಶೇ. 2.8. ಮುಂದೆ ಮುಚ್ಚಿದ ಬೂಟಿನವರದ್ದೇ ಹೆಚ್ಚು. ಪಾದದ ಮೇಲಿನ ಪಾಶ್ಚಾತ್ಯ ಲೇಖನಗಳಲ್ಲಿ ಈ ಅಂಕಿ ಇವತ್ತಿಗೂ ಸಿಗುತ್ತದೆ. ಶಾಲೆಗೆ ಬೂಟು ಕಡ್ಡಾಯ ಮಾಡುವವರ ಕಣ್ಣಿಗೆ ಬಿದ್ದ ಹಾಗೆ ಕಾಣೆ.

ಲ್ಯಾಬಿನಿಂದ ಎರಡು ಬಾಗಿಲು ಆಚೆ ವರ್ಕ್‌ಶಾಪ್. ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ನೆಲವೆಲ್ಲ ಪಿ.ಓ.ಪಿ. ಪುಡಿ. ಜೋತುಬಿದ್ದ ಪಾದವನ್ನು ಎತ್ತಿಹಿಡಿಯುವ ಪಟ್ಟಿ ಇಲ್ಲಿ ತಯಾರಾಗುತ್ತದೆ. ವೈದ್ಯರು ಎ.ಎಫ್.ಓ. ಎನ್ನುತ್ತಾರೆ, ರೋಗಿಗಳಿಗೆ ಅದು 'ಸ್ಪ್ಲಿಂಟು'. ಕಾಲಿನ ಅಚ್ಚು ತೆಗೆದು ಪಿ.ಓ.ಪಿ.ಯಲ್ಲಿ ಕಾಲು ಎರಕ ಹೊಯ್ದು, ಅದರ ಮೇಲೆ ಪಾಲಿಪ್ರೊಪಿಲೀನ್ ಹಾಳೆ ಹೊದಿಸುವುದು ಕ್ರಮ. ಒಲೆಯೊಳಗೆ ಇಟ್ಟ ಹಾಳೆಯನ್ನು ಟೆಕ್ನಿಷಿಯನ್ ಕಣ್ಣು ಕೀಳದೆ ನೋಡುತ್ತಿದ್ದರು. ಹಾಲಿನಂತೆ ಬೆಳ್ಳಗಿದ್ದದ್ದು ಅಂಚಿನಿಂದ ತಿಳಿಯಾಗುತ್ತಾ ಬಂದು ಪೂರ್ತಿ ಗಾಜಾಯಿತು. "ಈಗ" ಎಂದು ಇಬ್ಬರು ಗ್ಲೌಸ್ ಹಾಕಿ ಎತ್ತಿ ಅಚ್ಚಿನ ಮೇಲೆ ಎಳೆದರು, ನೀರುದೋಸೆ ಕಾವಲಿಯಿಂದ ಎತ್ತುವಷ್ಟೇ ಅವಸರ, ಅಷ್ಟೇ ನಾಜೂಕು. ಆರುತ್ತಾ ಮತ್ತೆ ಬೆಳ್ಳಗಾಯಿತು.

ಈ ಪಟ್ಟಿಯ ತೊಂದರೆ ತಿಳಿಯಬೇಕಾದರೆ ನಮ್ಮ ಮನೆಗಳನ್ನು ನೋಡಬೇಕು. ಅದನ್ನು ರೂಪಿಸಿದವರ ಊರಿನಲ್ಲಿ ಬೆಳಿಗ್ಗೆ ಶೂ ಹಾಕಿದರೆ ರಾತ್ರಿ ಬಿಚ್ಚುತ್ತಾರೆ, ಪಟ್ಟಿ ಶೂ ಒಳಗೆ ಇರುತ್ತದೆ. ನಮ್ಮಲ್ಲಿ ಶೂ ಬಾಗಿಲಾಚೆ. ಬರೀ ಪ್ಲಾಸ್ಟಿಕ್ ತೊಟ್ಟು ಗ್ರಾನೈಟ್ ನೆಲದ ಮೇಲೆ ನಡೆದರೆ ಜಾರುತ್ತದೆ, ಶೂವಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿದ ಕೋನವೂ ತಪ್ಪುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲಾಗದು, ಕುಕ್ಕರುಗಾಲಂತೂ ದೂರದ ಮಾತು. ಹಾಗಾಗಿ ಎಷ್ಟೋ ಪಟ್ಟಿಗಳು ಮನೆಗೆ ಹೋಗಿ ಬೀರುವಿನ ಮೇಲೆ ಕೂರುತ್ತವೆ. "ನಾನು ಈಗ ಅಳತೆ ತಗೊಳ್ಳೋಕೆ ಮುಂಚೆ ಮನೇಲಿ ಎಲ್ಲೆಲ್ಲಿ ಚಪ್ಪಲಿ ಬಿಡ್ತೀರ ಅಂತ ಕೇಳ್ತೀನಿ" ಎಂದರು ಟೆಕ್ನಿಷಿಯನ್. ಅಂಗಾಲಿಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿ 'ಮನೆಯೊಳಗಿನದು' ಎಂದು ಬೇರೆಯೇ ಮಾಡಿಕೊಡುತ್ತಾರೆ. ನಾನು ಆ ದಿನ ಕಂಡ ಅತ್ಯುತ್ತಮ ಸಂಶೋಧನೆ ಇದೇ ಎಂದು ನನ್ನ ತೀರ್ಮಾನ.

ಮುಂದಿನದು ಕಸರತ್ತಿನ ಹಾಲ್. ಲ್ಯಾಬಿನ ತಣ್ಣನೆಯ ಮೌನ ಇಲ್ಲಿಲ್ಲ. ಸಮಾನಾಂತರ ಕಂಬಿಗಳು, ನಾಲ್ಕು ಮೆಟ್ಟಿಲು ಹತ್ತಿ ನಾಲ್ಕು ಇಳಿಯುವ ಮರದ ಏಣಿ, ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಮೈಭಾರವನ್ನು ಮೇಲಿನಿಂದ ತೂಗುಹಾಕಿ ನಡೆಸುವ ಟ್ರೆಡ್‌ಮಿಲ್. ಕೇಳಿದವರಿಗೆಲ್ಲ ಮೊದಲು ತೋರಿಸುವುದು ಈ ಯಂತ್ರವನ್ನು. ಮನೆಯವರೂ ಅದರಲ್ಲಿ ಹಾಕಿ ಎಂದೇ ಕೇಳುತ್ತಾರಂತೆ. ಆದರೆ ಅಮೆರಿಕದಲ್ಲಿ 408 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಲೀಪ್ಸ್ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಈ ಯಂತ್ರದಲ್ಲಿ ನಡೆದವರೂ, ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ಬಲ ಮತ್ತು ಸಮತೋಲನದ ಕಸರತ್ತು ಮಾಡಿಸಿದವರೂ ಸಮಸಮ ಸುಧಾರಿಸಿದ್ದರು. ಒಟ್ಟು ಶೇ. 52 ಮಂದಿಯ ನಡಿಗೆ ಒಂದು ದರ್ಜೆ ಮೇಲೇರಿತ್ತು.

ಹಾಗಾದರೆ ಮನೆಯವರೇ ಮಾಡಿಸಿದರೆ ಸಾಕಲ್ಲ ಎಂದು ಹೊಳೆಯುತ್ತದೆ. ಅದನ್ನೂ ನೋಡಿದ್ದಾರೆ, ಅದೂ ನಮ್ಮ ದೇಶದಲ್ಲೇ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲಿನ ಅಟೆಂಡ್ ಅಧ್ಯಯನ 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಒಂದು ಗುಂಪಿನ ಮನೆಯವರಿಗೆ ಕಸರತ್ತಿನ ತರಬೇತಿ ಕೊಟ್ಟು ಕಳಿಸಿದರು, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ. ಆರು ತಿಂಗಳ ಮೇಲೆ ತೀರಿಕೊಂಡವರು ಮತ್ತು ಪರಾವಲಂಬಿಗಳಾಗಿ ಉಳಿದವರು ಎರಡೂ ಕಡೆ ಶೇ. 47. ಯಂತ್ರ ಹೆಚ್ಚಿನದೇನನ್ನೂ ಮಾಡಲಿಲ್ಲ, ಮನೆಯವರಿಗೆ ಹೇಳಿಕೊಟ್ಟು ಕಳಿಸಿದ್ದೂ ಮಾಡಲಿಲ್ಲ. ಎರಡನ್ನೂ ಜೋಡಿಸಿ ಓದಿದರೆ ನನಗೆ ಕಾಣುವುದು ಇಷ್ಟೇ: ಕಲಿತವರೊಬ್ಬರು ಪಕ್ಕದಲ್ಲಿ ನಿಂತು, ವಾರವಾರ ಸ್ವಲ್ಪ ಕಷ್ಟ ಏರಿಸುತ್ತಾ ಹೋಗಬೇಕು. ಅಂಥವರು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತಾದರೆ ಈ ಕಂಡಕ್ಟರ್ ಪ್ರತಿಸಲ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಅದಕ್ಕೆ ಎಂಟು ಕ್ಯಾಮೆರಾ ಬೇಡ, ಒಂದು ಜೊತೆ ಕಂಬಿ ಸಾಕು.

ಹಾಲಿನಲ್ಲಿ ಹುಡುಗಿ ಒಂದು ಕಟ್ಟಿಗೆಯ ಹಲಗೆ ತಂದಿಟ್ಟರು. ಯಜಮಾನರ ಮನೆಯ ಹೊಸ್ತಿಲಿನ ಎತ್ತರಕ್ಕೇ ಕೊಯ್ಸಿದ್ದು, ಫೋನಿನಲ್ಲಿ ಅಳತೆ ತರಿಸಿಕೊಂಡಿದ್ದರಂತೆ. "ಒಳಗೆ ಹೋಗುವಾಗ ಯಾವ ಕಾಲು ಮೊದಲು?" ಎಂದು ಕೇಳಿದರು. ಯಜಮಾನರು ಬಲಗಾಲು ತೋರಿಸಿದರು. ಹೆಂಡತಿಯೂ "ಬಲಗಾಲಿಟ್ಟೇ ಬರ್ಬೇಕಲ್ವಾ?" ಎಂದರು. "ಬೇಡ, ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ದೇವರು ಬೇಜಾರು ಮಾಡುದಿಲ್ಲ." ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ ಆಯಿತು ಎಂದರು. ಹನ್ನೆರಡು ಸಲ ದಾಟಿಸಿದರು. ಏಳನೆಯದಕ್ಕೆ ಬೆರಳು ತಾಗಿತು. "ಹೋಲ್ಡಾನ್" ಎಂದು ಯಜಮಾನರೇ ನಿಂತು, ಕಾಲು ಸರಿಮಾಡಿಕೊಂಡು, "ರೈಟ್" ಎಂದು ಮುಂದೆ ಹೋದರು.

ಕೊನೆಯದು ಹತ್ತು ಮೀಟರ್ ಪರೀಕ್ಷೆ. ಸಲಕರಣೆ ಒಂದು ಸ್ಟಾಪ್‌ವಾಚು, ನೆಲಕ್ಕೆ ಅಂಟಿಸಿದ ಎರಡು ಪಟ್ಟಿ. ಪೆರಿ ಮತ್ತವರ ಸಂಗಡಿಗರು 1995ರಲ್ಲಿ ಹಾಕಿದ ಗೆರೆ ಇಲ್ಲಿ ಎಲ್ಲರಿಗೂ ಬಾಯಿಪಾಠ: ಸೆಕೆಂಡಿಗೆ 0.4 ಮೀಟರಿಗಿಂತ ಕಮ್ಮಿ ನಡೆಯುವವರು ಮನೆಯೊಳಗೇ ಉಳಿಯುತ್ತಾರೆ, 0.8 ದಾಟಿದವರು ಊರೊಳಗೆ ಸಲೀಸಾಗಿ ಓಡಾಡುತ್ತಾರೆ, ನಡುವಿನವರು ಬೀದಿಯ ತುದಿವರೆಗೆ. ಹೋದ ತಿಂಗಳು ಕಂಡಕ್ಟರ್ ತೆಗೆದುಕೊಂಡದ್ದು 34 ಸೆಕೆಂಡು. ಈ ಸಲ, ಮನೆಯೊಳಗಿನ ಪಟ್ಟಿ ತೊಟ್ಟು, 22. ಅಂದರೆ 0.45. ಹುಡುಗಿ ಫೈಲಿನಲ್ಲಿ ಬರೆದುಕೊಂಡು, "ಇನ್ನು ಮನೆ ಮುಂದಿನ ಕಟ್ಟೆವರೆಗೆ ಹೋಗಬಹುದು" ಎಂದರು.

ಹೊರಡುವಾಗ ಹುಡುಗಿ ಕಂಡಕ್ಟರ್ ಹೆಂಡತಿಗೆ ಹೇಳಿದ್ದನ್ನು, ಮನೆಯಲ್ಲಿ ಲಕ್ವ ಆದವರಿರುವ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸೋತ ಪಾದದ ಬೆರಳು ಹವಾಯಿ ಚಪ್ಪಲಿಯನ್ನು ಹಿಡಿದುಕೊಳ್ಳಲಾರದು, ಇವತ್ತೇ ಅದನ್ನು ಎತ್ತಿಟ್ಟು ಹಿಂದೆ ಬೆಲ್ಟ್ ಇರುವ ಚಪ್ಪಲಿ ತನ್ನಿ. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ಬಚ್ಚಲಲ್ಲಿ ಒಳ್ಳೆಯ ಕೈಯ ಕಡೆಗೆ ಒಂದು ಹಿಡಿಕೆ ಹಾಕಿಸಿ.