ಜರಿಯ ಜೀರುಂಡೆ: ಅಂಗೈಯಗಲದ ಸರಕು, ಮೂರು ಬಗೆಯ ಲೆಕ್ಕ

ಹೊನವಾಡದಂತಹ ಊರುಗಳಲ್ಲಿ ರವಿಕೆಗೆ ಜರಿಯ ಕುಸುರಿ ಮಾಡುವವರಿಗೆ ಮದುವೆಯ ಹಂಗಾಮು ಮುಗಿದೊಡನೆ ಕೆಲಸ ಕಡಿಮೆಯಾಗುವುದು ಸಹಜ. ಅದೇ ಸೂಜಿ, ಅದೇ ಮಗ್ಗದ ಚೌಕಟ್ಟಿನಿಂದ ವರ್ಷವಿಡೀ ಮಾರಬಹುದಾದ ಸರಕೆಂದರೆ ಉಬ್ಬು ಕೀಟದ ಪದಕ. ಆದರೆ ಅದರ ಲಾಭವು ತಯಾರಿಕೆಯ ವಿಧಾನವನ್ನು ಅರಿತು ಬೆಲೆ ಕಟ್ಟುವುದನ್ನು ಅವಲಂಬಿಸಿದೆ.

ಎಳೆಗಳನ್ನೆಣಿಸಿ ಹಾಕುವ ಧಾರವಾಡದ ಕಸೂತಿಯು ಬಟ್ಟೆಗೆ ಸಮತಟ್ಟಾಗಿರುತ್ತದೆ. ಜರ್ದೋಜಿಯಲ್ಲಿ ಲೋಹವು ಬಟ್ಟೆಯ ಮೇಲೆ ನಿಲ್ಲುತ್ತದೆ. ಜೀರುಂಡೆಯ ಮೈಗೆ ಮೊದಲು ಉಣ್ಣೆಯ ಫೆಲ್ಟ್ ತುಂಡುಗಳನ್ನು ಪದರಗಳಾಗಿ ಹೊಲಿಯಬೇಕು. ಚಿಕ್ಕದು ಕೆಳಗೆ, ದೊಡ್ಡದು ಮೇಲೆ. ಇದರಿಂದ ಉಬ್ಬು ನುಣುಪಾಗುತ್ತದೆ. ಬಳಿಕ ಸುರುಳಿ ತಂತಿಯಾದ ದಬ್ಕಾವನ್ನು ಅಳತೆಗೆ ಕತ್ತರಿಸಿ, ಜೇನುಮೇಣ ಸವರಿದ ದಾರದಿಂದ ಮಣಿಯಂತೆ ಪೋಣಿಸಿ, ಉಬ್ಬಿಗೆ ಅಡ್ಡಲಾಗಿ ಹೊಲಿಯುತ್ತಾರೆ. ತುಂಡು ಉದ್ದವಾದರೆ ಬಾಗಿ ಬಿರಿಯುತ್ತದೆ, ಗಿಡ್ಡವಾದರೆ ಫೆಲ್ಟ್ ಇಣುಕುತ್ತದೆ. ಎಳೆದು ಹಿಗ್ಗಿದ ದಬ್ಕಾ ಮತ್ತೆ ಮೊದಲಿನಂತಾಗದು.

ರೆಕ್ಕೆಗಳನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಆರ್ಗಂಜಾ ಬಟ್ಟೆಯ ಮೇಲೆ ರೆಕ್ಕೆಯಾಕಾರದ ತೆಳು ತಂತಿಯಿಟ್ಟು, ಅಂಚನ್ನು ಒತ್ತಾಗಿ ಹೊಲಿದು ಕತ್ತರಿಸುತ್ತಾರೆ. ತಂತಿಯ ತುದಿಗಳನ್ನು ಮೈಯ ಬಟ್ಟೆಯೊಳಗೆ ತೂರಿಸಿ ಹಿಂಬದಿಯಲ್ಲಿ ಬಿಗಿದರೆ ರೆಕ್ಕೆ ಮೇಲೆದ್ದು ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ 17ನೆಯ ಶತಮಾನದ ಉಬ್ಬು ಕಸೂತಿಯಲ್ಲಿಯೂ ಇಂತಹ ಬಿಡಿ ಭಾಗಗಳಿದ್ದವು. ಕೊನೆಗೆ ಗಟ್ಟಿ ಹಿಂಬದಿ ಹಾಗೂ ಪಿನ್ನು ಜೋಡಿಸಬೇಕು.

ಲೆಕ್ಕದ ಮೊದಲ ಬಾಬು ಲೋಹ. ಅಸಲಿ ಜರಿಯಲ್ಲಿ ಚಿನ್ನದ ಲೇಪವಿರುವ ಬೆಳ್ಳಿಯಿರುತ್ತದೆ, ನಕಲಿಯಲ್ಲಿ ತಾಮ್ರ, ಅಗ್ಗದ ಬಗೆಯಲ್ಲಿ ಲೋಹಲೇಪಿತ ಪಾಲಿಯೆಸ್ಟರ್. ಅಸಲಿ ಜರಿಗೆ ಬೆಳ್ಳಿಯ ದರವೇ ಆಧಾರವಾದ್ದರಿಂದ ದರಪಟ್ಟಿಗೆ ಅವಧಿ ನಮೂದಿಸುವುದು ಕ್ಷೇಮ. ಎರಡನೆಯದು ಕತ್ತರಿಸುವಾಗ ಹಾಗೂ ಹಿಗ್ಗಿ ಕೆಟ್ಟಾಗ ಆಗುವ ನಷ್ಟ. ಮೂರನೆಯದೂ ಮುಖ್ಯವಾದುದೂ ಸಮಯ. ಮೈ, ರೆಕ್ಕೆ, ಜೋಡಣೆಗೆ ತಗಲುವ ಗಂಟೆಗಳನ್ನು ಮಾದರಿ ತಯಾರಿಸುವಾಗಲೇ ಬೇರೆ ಬೇರೆಯಾಗಿ ಬರೆದಿಡಬೇಕು. ಹಾಗಿಲ್ಲದೆ ರವಿಕೆಯ ಚಪ್ಪಟೆ ಕೆಲಸದ ದರವನ್ನೇ ಇದಕ್ಕೂ ಹಚ್ಚಿದರೆ ನಷ್ಟದ ಹೊರೆ ಕುಶಲಕರ್ಮಿಯ ಮೇಲೆ ಬೀಳುತ್ತದೆ. ನುರಿತ ಕೈ ಕೆಲಸ ಬಿಟ್ಟರೆ ವ್ಯಾಪಾರಿಗೂ ಸರಕಿಲ್ಲ.

ಚೀಟಿಯಲ್ಲಿ ಲೋಹದ ಬಗೆಯನ್ನು ಸ್ಪಷ್ಟವಾಗಿ ಬರೆಯಬೇಕು. ತಾಮ್ರದ ಜರಿ ಬೇಗ ಕಪ್ಪಾಗುವುದರಿಂದ, ಅಸಲಿಯೆಂದು ಮಾರಿದ ಸರಕು ಕೆಲಕಾಲದಲ್ಲಿಯೇ ಅಂಗಡಿಯ ಹೆಸರನ್ನು ಕೆಡಿಸುತ್ತದೆ. ಲಖನೌ ಜರ್ದೋಜಿಗೆ 2013ರಲ್ಲಿ ಭೌಗೋಳಿಕ ಸೂಚಕ ದೊರೆತಿರುವುದರಿಂದ ಇಲ್ಲಿಯ ಸರಕಿಗೆ ಆ ಹೆಸರು ಸಲ್ಲದು. ನೀರು, ಅತ್ತರು ತಾಗಿಸಬಾರದೆಂಬ ಸೂಚನೆಯೂ ಚೀಟಿಯಲ್ಲಿರಲಿ.