ಪರಿಚಿತ ಕಡತಗಳ ಗುರುತು

ಅಪರಾಧದ ತನಿಖೆಗೆಂದು ವಶಪಡಿಸಿಕೊಂಡ ಗಣಕಯಂತ್ರವೊಂದನ್ನು ಪರೀಕ್ಷಕನ ಮುಂದೆ ತಂದಿರಿಸಿದರೆಂದು ಭಾವಿಸೋಣ. ಅದರೊಳಗೆ ಲಕ್ಷಗಟ್ಟಲೆ ಕಡತಗಳು. ಅವುಗಳಲ್ಲಿ ಬಹುಪಾಲು ವಿಂಡೋಸ್ ಮೊದಲಾದ ತಂತ್ರಾಂಶಗಳೊಡನೆ ಬಂದವು. ಯಂತ್ರದ ಒಡೆಯನು ಅವನ್ನು ಕಣ್ಣೆತ್ತಿಯೂ ನೋಡಿರಲಾರನು. ಆತನೇ ಬರೆದ ಪತ್ರ, ಬಚ್ಚಿಟ್ಟ ಲೆಕ್ಕ ಇವೆಲ್ಲ ಆ ರಾಶಿಯಲ್ಲಿ ಒಂದು ಹಿಡಿಯಷ್ಟು. ಕಾಳು ಕೈಗೆ ಸಿಗಬೇಕಾದರೆ ಮೊದಲು ಹೊಟ್ಟನ್ನು ತೂರಬೇಕಷ್ಟೆ. ಹೊಟ್ಟು ಯಾವುದೆಂದು ತಿಳಿಯುವುದು ಹೇಗೆ? ಕಡತದ ಹೆಸರನ್ನು ನಂಬುವಂತಿಲ್ಲ. ಅದನ್ನು ಯಾರು ಬೇಕಾದರೂ ಬದಲಿಸಬಹುದು.

ಇಲ್ಲಿ ನೆರವಿಗೆ ಬರುವುದು ಹ್ಯಾಶ್ ಎಂಬ ಗಣಿತಕ್ರಿಯೆ. ಯಂತ್ರದ ಪಾಲಿಗೆ ಕಡತವೆಂದರೆ ಸೊನ್ನೆ ಒಂದುಗಳ ಉದ್ದನೆಯ ಸಾಲು. ಆ ಒಂದೊಂದು ಅಂಕಿಗೆ ಬಿಟ್ ಎಂದು ಹೆಸರು. ಈ ಸಾಲನ್ನು ಆದ್ಯಂತವಾಗಿ ಕಡೆದು, ನಿಶ್ಚಿತ ಉದ್ದದ ಒಂದು ಸಂಖ್ಯೆಯನ್ನು ತೆಗೆಯುತ್ತಾರೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 256 ಬಿಟ್‌ಗಳದು. ಬರೆದಿಟ್ಟರೆ 64 ಚಿಹ್ನೆಗಳು. ಕಡತವು ಒಂದು ವಾಕ್ಯವಾಗಲಿ, ಇಡಿಯ ಚಲಚ್ಚಿತ್ರವಾಗಲಿ, ಉದ್ದ ಅಷ್ಟೆ. ಏನೂ ಇಲ್ಲದ ಬರಿದಾದ ಕಡತಕ್ಕೂ ಹ್ಯಾಶ್ ಉಂಟು; ಲೋಕದ ಬರಿದು ಕಡತಗಳಿಗೆಲ್ಲ ಅದೊಂದೇ! ಆದರೆ ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆಯು ಗುರುತು ಸಿಗದಷ್ಟು ಮಾರ್ಪಡುತ್ತದೆ.

ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ಗೇಥರ್ಸ್‌ಬರ್ಗ್‌ನಲ್ಲಿ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಅದರ ತಂತ್ರಾಂಶ ಪರಾಮರ್ಶನ ಗ್ರಂಥಾಲಯವು ಮೂಲ ತಂತ್ರಾಂಶಗಳನ್ನೇ ಸಂಗ್ರಹಿಸಿ, ಅವುಗಳೊಳಗಿನ ಕಡತಗಳ ಹ್ಯಾಶ್‌ಗಳನ್ನು ಗಣಿಸಿ, ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಪ್ರಕಟಿಸುತ್ತದೆ. ಪರೀಕ್ಷಕನು ತನ್ನ ಮುಂದಿನ ಕಡತಗಳನ್ನು ಈ ಪಟ್ಟಿಯೊಡನೆ ತಾಳೆ ನೋಡಿ, ಹೊಂದಿಕೆಯಾದುವನ್ನು ಬದಿಗಿರಿಸುತ್ತಾನೆ.

ಪಟ್ಟಿಯಲ್ಲಿರುವುದೆಲ್ಲವೂ ನಿರುಪದ್ರವಿಯೆಂದು ಬಗೆಯುವವರುಂಟು. ನಾವು ಕಂಡಂತೆ ದೊಡ್ಡ ಅಪಾಯವಿರುವುದು ಇಲ್ಲಿಯೇ. ಚಿತ್ರದೊಳಗೆ ರಹಸ್ಯ ಬರಹವನ್ನು ಅಡಗಿಸುವ ಸಾಧನಗಳೂ, ಅನ್ಯರ ಯಂತ್ರವನ್ನು ಭೇದಿಸುವ ಕ್ರಮವಿಧಿಗಳೂ ಅದೇ ಪಟ್ಟಿಯಲ್ಲಿವೆ. ಪರಿಚಿತವೆಂದರೆ ಪರಿಚಿತ, ಅಷ್ಟೆ; ಊರಿನ ಕಳ್ಳನೂ ನಮಗೆ ಪರಿಚಿತನೇ ಅಲ್ಲವೆ? ಕಣ್ಮುಚ್ಚಿ ತೂರಿದರೆ ಸಾಕ್ಷ್ಯವೂ ಹೊಟ್ಟಿನೊಡನೆ ಹಾರಿಹೋದೀತು.

ಎರಡು ಭಿನ್ನ ಕಡತಗಳಿಗೆ ಒಂದೇ ಹ್ಯಾಶ್ ಬರಲಾರದೇ ಎಂದು ಓದುಗರು ಕೇಳಬಹುದು. ಹಳೆಯ ಎಂಡಿ5 ವಿಧಾನದಲ್ಲಿ ಅಂಥ ಜೋಡಿಯನ್ನು 2004ರಲ್ಲಿ ಚೀನದ ವಾಂಗ್ ಷಿಯಾವ್‌ಯುನ್ ಮತ್ತು ಸಂಗಡಿಗರು ತೋರಿಸಿದರು. ಎಸ್‌ಎಚ್‌ಎ-1ರಲ್ಲಿ, 2017ರಲ್ಲಿ, ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧಕರು. ಆದರೆ ಆ ಜೋಡಿಗಳ ಎರಡು ಕಡತಗಳನ್ನೂ ಹೆಣೆದುದು ಒಂದೇ ಕೈ. ಮೊದಲೇ ಇರುವ ಅನ್ಯರ ಕಡತಕ್ಕೆ ಸರಿಜೋಡಿಯನ್ನು ನಿರ್ಮಿಸಿದವರು ಇನ್ನೂ ಇಲ್ಲ.

ಹಾಗಾದರೆ ತಪ್ಪಿತಸ್ಥನು ತನ್ನ ಕಡತದ ಒಂದು ಬಿಟ್ಟನ್ನು ತಿದ್ದಿದರೆ? ನಿಷಿದ್ಧ ಕಡತಗಳ ಪಟ್ಟಿಯಿಂದ ಅದು ಸುಲಭವಾಗಿ ನುಣುಚಿಕೊಂಡೀತು. ಪರಿಚಿತರ ಪಟ್ಟಿಯ ಮುಂದೆ ಮಾತ್ರ ಆ ಜಾಣತನ ತಿರುಗುಬಾಣ: ತಿದ್ದಿದ ಕಡತವು ಅಪರಿಚಿತವಾಗಿ, ನೆಟ್ಟಗೆ ಪರೀಕ್ಷಕನ ಮೇಜಿಗೇ ಬಂದು ಬೀಳುತ್ತದೆ.